ಫಳಫಳ ರಿವಾಲ್ವರ್

ಕೆಲವು ಗಂಡಸರು ಅಂಚೆಚೀಟಿ ಸಂಗ್ರಹಿಸುತ್ತಾರೆ, ಕೆಲವರು ನಾಣ್ಯ. ಅವರ ಹೆಂಡತಿಯರು "ಪಾಪ, ಏನೋ ಒಂದು ಹುಚ್ಚು" ಎಂದು ಸುಮ್ಮನಿರುತ್ತಾರೆ. ನಾನು ಹಳೆಯ ಟಾರ್ಗೆಟ್ ರಿವಾಲ್ವರ್ ಸಂಗ್ರಹಿಸಲು ಹೊರಟೆ. ನನ್ನ ಹೆಂಡತಿ ಮೈಥಿಲಿ ಸುಮ್ಮನಿರಲಿಲ್ಲ.

ನೀವು ಗಾಬರಿಯಾಗಬೇಡಿ. ಜಿರಳೆಯನ್ನು ಕೊಲ್ಲಲೂ ನಾನು ಇನ್ನೊಬ್ಬರನ್ನು ಕರೆಯುವವನು. ಇವು ನೂರು ವರ್ಷದ ಹಿಂದೆ ಗುರಿ ಹೊಡೆಯುವ ಪಂದ್ಯಗಳಿಗೆಂದೇ ಮಾಡಿದ, ಉದ್ದ ಮೂತಿಯ, ನಾಜೂಕು ರಿವಾಲ್ವರುಗಳು. ಮೈಸೂರಿನಲ್ಲಿ ಎನ್‌ಸಿಸಿ ಸೇರಿದ್ದಾಗ ನಾನು ಹೊಡೆದ ಐದು ಗುಂಡುಗಳಲ್ಲಿ ಮೂರು ಪಕ್ಕದವನ ಗುರಿಗೆ ಬಿದ್ದು, ಅವನಿಗೆ ಕಪ್ ಬಂದಿತ್ತು. (ಪುಣ್ಯಾತ್ಮ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.) ಹೊಡೆಯುವ ಯೋಗ ಇಲ್ಲದವನು ಕನಿಷ್ಠ ಇಟ್ಟುಕೊಳ್ಳೋಣ ಎಂದುಕೊಂಡೆ, ಅಷ್ಟೆ.

ಈ ಹುಚ್ಚು ಹಿಡಿಸಿದವರು ಅಮೆರಿಕದ ಶ್ಯಾಂಟಿಲಿಯಲ್ಲಿ ನಮ್ಮ ಪಕ್ಕದ ಮನೆಯ ಮಿಸ್ಟರ್ ಟಾಲಿವರ್. ಎಪ್ಪತ್ತೆಂಟು ವರ್ಷದ ವಿಧುರ. ಅವರ ಬಳಿ ಇಂಥವು ಹನ್ನೆರಡಿದ್ದವು. ಪ್ರತಿಯೊಂದಕ್ಕೂ ಒಂದು ಕಾರ್ಡು. ಅದರಲ್ಲಿ ಆ ರಿವಾಲ್ವರ್ ಹುಟ್ಟಿದ ವರ್ಷ, ಕೈ ಬದಲಾಯಿಸಿದ ವರ್ಷ, ಒಡೆಯರ ಹೆಸರುಗಳು, ಎಲ್ಲ ಅವರದೇ ಮುತ್ತಿನಂಥ ಅಕ್ಷರದಲ್ಲಿ. "ಇದಕ್ಕೆ ಏನೇನಾಯಿತೋ ಅದೆಲ್ಲ ಕಾರ್ಡಿನಲ್ಲಿರಬೇಕು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ" ಎನ್ನುತ್ತಿದ್ದರು. ನನ್ನ ಸಂಗ್ರಹದಲ್ಲಿದ್ದದ್ದು ಎರಡು. ಒಂದಕ್ಕೆ ಹಿಡಿ ಇರಲಿಲ್ಲ, ಇನ್ನೊಂದು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಅವುಗಳಿಗೆ ಕಾರ್ಡು ಬರೆದರೆ ಅದು ಡೆತ್ ಸರ್ಟಿಫಿಕೇಟ್ ಆಗುತ್ತಿತ್ತು.

ತೊಂಬತ್ತಾರರ ಅಕ್ಟೋಬರಿನಲ್ಲಿ ಟಾಲಿವರ್ ತಮ್ಮ ಹನ್ನೆರಡರಲ್ಲಿ ಅತ್ಯಂತ ಅಪರೂಪದ್ದನ್ನು, 1887ರದ್ದನ್ನು, ಮಕಮಲ್ಲಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು. ನೇರಳೆಹಣ್ಣಿನ ಬಣ್ಣ ಅದಕ್ಕೆ. ನೂರೊಂಬತ್ತು ವರ್ಷದಿಂದ ಆ ಬಣ್ಣ ಹಾಗೇ ಉಳಿದಿರುವುದೇ ಅದರ ಮಹಿಮೆ. "ನನಗೆ ಮಕ್ಕಳಿಲ್ಲ. ಎರಡು ವಾರ ನಿನ್ನ ಹತ್ತಿರ ಇರಲಿ. ನಿನಗೆ ಇದರ ಮೇಲೆ ನಿಜವಾಗಿ ಪ್ರೀತಿ ಇದ್ದರೆ ನವೆಂಬರಿನ ಹಳೆಯ ರಿವಾಲ್ವರುಗಳ ಪ್ರದರ್ಶನಕ್ಕೆ ಇದರ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರೆಯುತ್ತೇನೆ. ಒಂದೇ ನಿಯಮ. ಒರೆಸಬೇಡ, ಉಜ್ಜಬೇಡ, ಎಣ್ಣೆ ಹಚ್ಚಬೇಡ."

ನನ್ನ ಕಣ್ಣು ಒದ್ದೆಯಾಯಿತು. ಕಾರ್ಡಿನ ಮೇಲೆ ಕೃಷ್ಣಪ್ರಸಾದ ಎಂಬ ನಾಮಧೇಯ! ಪಕ್ಕದವನ ಕಪ್ಪಿಗೆ ಕೊನೆಗೂ ಉತ್ತರ ಸಿಕ್ಕಿತ್ತು.

ಮನೆಗೆ ತಂದರೆ ಮೈಥಿಲಿ ಬಾಗಿಲಲ್ಲೇ ತಡೆದಳು.

"ಮಗು ಇರೋ ಮನೆ ಇದು. ಗನ್ ಗಿನ್ ಎಲ್ಲ ವಾಪಸ್ ಕೊಟ್ಟು ಬನ್ನಿ."

"ಇದು ಗನ್ನೇ ಅಲ್ಲ ಮಾರಾಯ್ತಿ. ಸಾವಿರದ ಎಂಟುನೂರ ತೊಂಬತ್ತೊಂಬತ್ತಕ್ಕೆ ಮುಂಚೆ ಮಾಡಿದ್ದು, ಹೋದ ಶತಮಾನದ್ದು. ಕಾನೂನಿನ ಪ್ರಕಾರ ಆ್ಯಂಟಿಕ್!"

"ನನ್ನ ಕಾನೂನಿನ ಪ್ರಕಾರ ಗನ್."

ಆಗ ನನಗೆ ಆ ದಿವ್ಯವಾದ ಉಪಾಯ ಹೊಳೆಯಿತು. (ನನಗೆ ಹೊಳೆದ ಉಪಾಯಗಳಿಗೆಲ್ಲ ಒಂದು ಕಾರ್ಡು ಬರೆದಿಟ್ಟಿದ್ದರೆ ಇದಕ್ಕೆ ಕೈ ಹಾಕುತ್ತಿರಲಿಲ್ಲ.) ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ ಸೋಫಾದ ಮೇಲೆ ಹೂಬತ್ತಿ ಹೊಸೆಯುತ್ತಿದ್ದರು. ಹಿಂದಿನ ವರ್ಷ ನಮ್ಮ ಆಯುಧ ಪೂಜೆಗೆ ಇದ್ದದ್ದು ಕಾರು, ಕಂಪ್ಯೂಟರು, ವ್ಯಾಕ್ಯೂಮ್ ಕ್ಲೀನರು ಎಂದು ಫೋನಿನಲ್ಲಿ ಕೇಳಿಯೇ ಅವರು ನೊಂದುಕೊಂಡಿದ್ದರು.

"ಅತ್ತೆ, ನೀವೇ ಹೇಳಿ. ಆಯುಧ ಪೂಜೆಗೆ ಒಂದು ಆಯುಧ ಬೇಡ್ವಾ? ಪೂಜೆಗೆ ಅಂತಲೇ ತಂದೆ ಇದನ್ನ."

ಅತ್ತೆ ಬತ್ತಿ ಕೆಳಗಿಟ್ಟರು. "ಅಳಿಯಂದಿರಿಗೆ ದೇವರ ಮೇಲೆ ಇಷ್ಟು ಶ್ರದ್ಧೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮೈಥಿಲಿ, ದೇವರ ಕಾರ್ಯಕ್ಕೆ ಅಡ್ಡ ಬರಬೇಡ."

ಮೈಥಿಲಿ ನನ್ನನ್ನೇ ನೋಡಿದಳು. ಆ ನೋಟದಲ್ಲಿ 'ಅನುಭವಿಸ್ತೀರಿ' ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಲಿಲ್ಲ.

ಆಯುಧ ಪೂಜೆ ಪುಣ್ಯಕ್ಕೆ ಭಾನುವಾರವೇ ಬಂತು. ಟಾಲಿವರ್ ಅವರನ್ನು ಊಟಕ್ಕೆ ಕರೆದಿದ್ದೆವು. ಬೆಳಿಗ್ಗೆ ನಾನೂ ಮೈಥಿಲಿಯೂ ಮಗಳು ಇಂದುವನ್ನು ಕರೆದುಕೊಂಡು ಬೂದುಗುಂಬಳಕಾಯಿ ಹುಡುಕಲು ಇಂಡಿಯನ್ ಸ್ಟೋರಿಗೆ ಹೋದೆವು. ಒಂದರಲ್ಲಿ ಸಿಗದೆ ಇನ್ನೊಂದು, ಅಲ್ಲಿಂದ ರಾಕ್‌ವಿಲ್ ತನಕ. ತಿರುಗಿ ಬರುವ ಹೊತ್ತಿಗೆ ಮೂರು ಗಂಟೆಗಳಾಗಿದ್ದವು.

ದೇವರ ಮುಂದೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ರಿವಾಲ್ವರ್. ಎರಡೂ ಒಂದೇ ಬಣ್ಣ.

ನೇರಳೆ ಹೋಗಿತ್ತು. ಮದುವೆಮನೆಯಲ್ಲಿ ಹಂಚುವ ಹೊಸ ಲೋಟದ ಹಾಗೆ ಅದು ಫಳಫಳ ಹೊಳೆಯುತ್ತಿತ್ತು. ಮೂತಿಗೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ನನ್ನ ಎರಡು ಗುಜರಿಗಳನ್ನೂ ಗರಾಜಿನಿಂದ ಹುಡುಕಿ ತಂದು ಉಜ್ಜಿದ್ದರು. ಅವು ಮಾತ್ರ ಉದ್ಧಾರವಾಗಿದ್ದವು.

"ಎಷ್ಟು ವರ್ಷದ ಕೊಳೆ ಅಳಿಯಂದಿರೇ!" ಅತ್ತೆಯ ಮುಖವೂ ಹೊಳೆಯುತ್ತಿತ್ತು. "ಕಪ್ಪು ಬಿಡ್ತಾನೇ ಇರ್ಲಿಲ್ಲ. ಹುಣಸೆಹಣ್ಣು ಉಪ್ಪು ಹಾಕಿ ನೆನೆಸಿದೆ, ಆಮೇಲೆ ನಿಮ್ಮ ಬಾರ್ಬೆಕ್ಯೂ ಒಲೇಲಿ ಬೂದಿ ಸಿಕ್ತು. ಕೈ ನೋಡಿ." ಬೆರಳುಗಳ ಮೇಲೆ ಬೊಬ್ಬೆ ಬಂದಿತ್ತು.

ಆ ಬೆರಳುಗಳನ್ನು ನೋಡಿ ನಾನು ಏನು ಹೇಳಲಿ? ಉಜ್ಜಬಾರದು ಎಂದು ಅವರಿಗೆ ಹೇಳಿರಲೇ ಇಲ್ಲ. ಹೇಳಿದ್ದರೆ 'ಪೂಜೆಗೆ ತಂದದ್ದು' ಎಂಬ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಕುಂಬಳಕಾಯಿ ಹಿಡಿದುಕೊಂಡು ನಿಂತೇ ಇದ್ದೆ.

ಅಷ್ಟರಲ್ಲಿ ಬೆಲ್ ಆಯಿತು. ಟೈ ಕಟ್ಟಿಕೊಂಡು ಬಂದ ಟಾಲಿವರ್ ತಟ್ಟೆಯನ್ನು ಕಂಡರು. ಕುರ್ಚಿ ಹುಡುಕಿಕೊಂಡು ಕೂತರು. ಆಮೇಲೆ ಮೆಲ್ಲಗೆ, "ನನ್ನ ಅಪ್ಪ ಇದನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಅವರಿಲ್ಲದಿರುವುದೇ ಒಳ್ಳೆಯದಾಯಿತು" ಎಂದರು.

ಇಂಗ್ಲಿಷ್ ಬಾರದ ಅತ್ತೆ ಆಸೆಯಿಂದ ನನ್ನನ್ನು ಕೇಳಿದರು: "ಏನಂದ್ರು?"

ಇದೇ ಆ ಗಳಿಗೆ. ಇದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ತುಂಬಾ ಚೆನ್ನಾಗಿ ಉಜ್ಜಿದೀರಿ ಅಂತ. ಅವರ ಅಪ್ಪನ ಕಾಲದಲ್ಲೂ ಹೀಗೆ ಹೊಳೀತಿರ್ಲಿಲ್ವಂತೆ."

ಅತ್ತೆ ಟಾಲಿವರ್‌ಗೆ ಕೈಮುಗಿದು ಎರಡು ಸೌಟು ಹೆಚ್ಚಿಗೆ ಪಾಯಸ ಬಡಿಸಿದರು. ಅವರು ಪಾಪ, ಅದನ್ನೂ ತಿಂದರು. ಹೋಗುವಾಗ ರಿವಾಲ್ವರನ್ನು ಮಕಮಲ್ಲಿನಲ್ಲಿ ಸುತ್ತಿಕೊಂಡು ಹೋದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನಿಗೆ ನಿಜ ಹೇಳಿ," ಎಂದಳು ಮೈಥಿಲಿ.

"ಪಾಪ, ಅವರಿಗೆ ಬೇಜಾರಾಗುತ್ತೆ ಕಣೇ."

"ಅವರಿಗೋ, ನಿಮಗೋ?"

ನಾಳೆ ಹೇಳುತ್ತೇನೆ ಎಂದೆ. ಸೋಮವಾರ ಹೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಸ್ಕೂಲಿಂದ ಬಂದಿದ್ದ ಇಂದು.

"ಡ್ಯಾಡಿ, ಅಜ್ಜಿ ಟ್ಯಾಮರಿಂಡ್ ತಗೊಂಡು ಮಿಸ್ಟರ್ ಟಾಲಿವರ್ ಮನೆಗೆ ಹೋಗ್ತಾರಂತೆ. ಅವರ ಹತ್ರ ಇನ್ನೂ ಇಲೆವೆನ್ ಇದೆ ಅಲ್ವಾ, ಎಲ್ಲಾ ಕ್ಲೀನ್ ಮಾಡ್ತಾರಂತೆ. ನಂಗೆ ಟ್ರಾನ್ಸ್‌ಲೇಟ್ ಮಾಡೋಕೆ ಬಾ ಅಂತಿದಾರೆ. ಓಕೇನಾ?"

"ಬೇಡ! ನಿಲ್ಲಿಸು ಅವರನ್ನ!"

"ಟೂ ಲೇಟ್ ಡ್ಯಾಡಿ, ಅಜ್ಜಿ ಆಲ್ರೆಡಿ ರಸ್ತೇಲಿದಾರೆ," ಎಂದು ಫೋನ್ ಇಟ್ಟಳು.

ರಾಕ್‌ವಿಲ್‌ನ ಆಫೀಸಿನಿಂದ ಶ್ಯಾಂಟಿಲಿಗೆ ಅವತ್ತು ನಾನು ಡ್ರೈವ್ ಮಾಡಿದ್ದನ್ನು ಪೊಲೀಸರು ನೋಡದಿದ್ದದ್ದೇ ಪೂಜೆಯ ಏಕೈಕ ಫಲ. ಬೆಲ್ಟ್‌ವೇ ಹೆದ್ದಾರಿಯಲ್ಲಿ ಕಾರುಗಳು ಆಮೆಯಂತೆ ತೆವಳುತ್ತಿದ್ದವು. ಹನ್ನೊಂದು ರಿವಾಲ್ವರ್, ಒಂದೊಂದಕ್ಕೆ ಒಂದು ಗಂಟೆ, ಎಂದು ಲೆಕ್ಕ ಹಾಕುತ್ತ ಬಂದೆ.

ಟಾಲಿವರ್ ಅಡುಗೆಮನೆಯಲ್ಲಿ ಹನ್ನೊಂದೂ ಕಪ್ಪಗೆ, ಕ್ಷೇಮವಾಗಿ ಮೇಜಿನ ಮೇಲಿದ್ದವು. ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು, ಹಾಗೇ. ಟಾಲಿವರ್ ಒಂದೊಂದು ಕಾರ್ಡನ್ನೂ ಓದುತ್ತಿದ್ದರು, ಇಂದು ತನ್ನ ಮುದ್ದು ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಿದ್ದಳು. ಅವರ ಪಾಠ ಮುಗಿಯುತ್ತ ಬಂದಿತ್ತು.

ಅತ್ತೆ ತಲೆ ಎತ್ತಲಿಲ್ಲ. "ಆ ಕಪ್ಪೇ ಅದರ ಜೀವ ಅಂತೆ. ನಾನು ತೆಗೆದುಬಿಟ್ಟೆ."

"ಅತ್ತೆ, ನಾನು..."

"ಭಾನುವಾರವೇ ಹೇಳಬಾರದಿತ್ತಾ? ಗೊತ್ತಿಲ್ಲದೆ ಮಾಡಿದ ತಪ್ಪು. ನಾಲ್ಕು ಮಾತು ಅನ್ನಿಸಿಕೊಂಡು, ಅತ್ತು, ಮರೀತಿದ್ದೆ. ನೀವು ಹೊಗಳಿದ್ರಿ. ನಾನು ನಂಬಿ, ಆ ಮನುಷ್ಯನ ಮನೆ ಬಾಗಿಲಿಗೇ ಬಟ್ಟಲು ಹಿಡ್ಕೊಂಡು ಬಂದೆ." ಅವರು ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಇಡೀ ಅಮೆರಿಕದಲ್ಲಿ ನನ್ನ ಮಾತು ದಾಟಿಸೋಕೆ ಅಂತ ನೀವಿದ್ರಿ, ಅಳಿಯಂದಿರೇ."

ಬಟ್ಟಲು ಎತ್ತಿಕೊಂಡು ಅವರ ಹಿಂದೆ ಮನೆಗೆ ನಡೆದೆ.

ನವೆಂಬರಿನಲ್ಲಿ ಪ್ರದರ್ಶನ ನಡೆಯಿತು. ಮೇಜಿನ ಹಿಂದೆ ಟಾಲಿವರ್ ಪಕ್ಕದ ಕುರ್ಚಿ ನನ್ನದಾಗಬೇಕಿತ್ತು. ಅಲ್ಲಿ ಅತ್ತೆ ಕೂತಿದ್ದರು, ರೇಷ್ಮೆ ಸೀರೆ, ಮೇಲೆ ಮೈಥಿಲಿಯ ಜಾಕೆಟ್ಟು. ಟಾಲಿವರ್ ತಾವೇ ಬಂದು ಕರೆದಿದ್ದರು. ಹನ್ನೊಂದರಲ್ಲಿ ಯಾವುದಕ್ಕೆ ಯಾರು ಬೆರಳು ಚಾಚಿದರೂ ಅತ್ತೆ "ನೋ ಟಚ್!" ಎಂದು ಗದರುತ್ತಿದ್ದರು. ಅಷ್ಟು ಶಿಸ್ತಿನ ಮೇಜು ಇಡೀ ಹಾಲಿನಲ್ಲಿರಲಿಲ್ಲ. ನನಗೆ ಪೆಟ್ಟಿಗೆ ಹೊರುವ, ಕಾರು ಓಡಿಸುವ, ಕಾಫಿ ತರುವ ಉದ್ಯೋಗ.

ಹನ್ನೆರಡನೆಯದು ಫಳಫಳ ಹೊಳೆಯುತ್ತ ತುದಿಯಲ್ಲಿತ್ತು. ಕಾರ್ಡಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಟಾಲಿವರ್ ಅಪ್ಪನ ಹೆಸರು, ಅವರ ಹೆಸರು, ಅದರ ಕೆಳಗೆ, ನಾನು ಕನಸು ಕಂಡ ಜಾಗದಲ್ಲೇ, ನನ್ನ ಹೆಸರು: 'ಅಕ್ಟೋಬರ್ 1996. ಕೃಷ್ಣಪ್ರಸಾದರ ವಶದಲ್ಲಿದ್ದಾಗ ಹುಣಸೆಹಣ್ಣಿನಿಂದ ಉಜ್ಜಲಾಯಿತು. ಮೂಲ ಬಣ್ಣ ಉಳಿದಿಲ್ಲ.'

ದೊಡ್ಡ ಹ್ಯಾಟಿನ ಒಬ್ಬ ಅದನ್ನು ಎರಡು ಸಲ ಓದಿದ. "ಯಾವ ಮೂರ್ಖ ಈ ಕೃಷ್ಣಪ್ರಸಾದ್?" ಎಂದು ಹಾಲಿಗೆಲ್ಲ ಕೇಳುವಂತೆ ಕೇಳಿದ.

ನಾನು ಕಾಫಿಯ ಲೋಟದೊಳಗೆ ನೋಡುತ್ತ ನಿಂತೆ. ಅತ್ತೆ ಎದ್ದು ನಿಂತರು. ಇಂದು ಹೇಳಿಕೊಟ್ಟಿದ್ದಳೋ ಏನೋ, ಎದೆಯ ಮೇಲೆ ಕೈಯಿಟ್ಟುಕೊಂಡು, "ಐ ಕ್ಲೀನ್. ಮಿಸ್ಟೇಕ್. ಸಾರಿ," ಎಂದರು.

ಅವನು ತಕ್ಷಣ ಹ್ಯಾಟು ತೆಗೆದ. ಟಾಲಿವರ್ ಅತ್ತೆಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಅವರನ್ನು ಕೂರಿಸಿದರು. ಎಂಟು ವರ್ಷದಿಂದ ಈ ದೇಶದಲ್ಲಿ ಇಂಗ್ಲಿಷಿನಲ್ಲೇ ಅನ್ನ ಸಂಪಾದಿಸುತ್ತಿರುವ ನನಗೆ ಆ ನಾಲ್ಕು ಪದ ಅಂದು ಯಾವ ಭಾಷೆಯಲ್ಲೂ ಬಾಯಿಗೆ ಬಂದಿರಲಿಲ್ಲ.