ಅಣ್ಣ ಉಳಿಸಿಟ್ಟ ಮುಂದಿನ ಚಕ್ರಗಳು

ನಮ್ಮಣ್ಣನ ಜೀಪು ತಾನಾಗಿ ಓಡಿದ್ದಕ್ಕಿಂತ ಎತ್ತುಗಳು ಅದನ್ನು ಎಳೆದದ್ದೇ ಹೆಚ್ಚು! ಹಾಗಂತ ಕೆಟ್ಟ ಗಾಡಿಯೇ? ಅಲ್ಲ ಸ್ವಾಮಿ, ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಮಿಲಿಟರಿ ಹರಾಜಿನಲ್ಲಿ ತಂದದ್ದು. ದೊಡ್ಡ ಗೇರಿನ ಪಕ್ಕ ಒಂದು ಗಿಡ್ಡ ಗೇರು. ಅದನ್ನು ಹಾಕಿದರೆ ಹಿಂದಿನೆರಡರ ಜೊತೆ ಮುಂದಿನೆರಡು ಚಕ್ರವೂ ಎಳೆದು ಎಂಥ ಕೆಸರಿನಿಂದಲೂ ಹತ್ತಿ ಬರುತ್ತದೆ. ಆದರೆ ಅಣ್ಣ ಹಾಕಬೇಕಲ್ಲ!

ಬೇಸಿಗೆಯಲ್ಲಿ ನಮ್ಮ ಹಂದನಕೆರೆ ಕಡೆ ತೆಂಗಿನ ತೋಟಗಳಿಗೆ ಕೆರೆಯ ಹೂಳಿನ ಗೋಡುಮಣ್ಣು ಹೊಡೆಯುತ್ತಾರೆ. ದಾರಿಯುದ್ದಕ್ಕೂ ಚೆಲ್ಲಿದ ಗೋಡು ಮೊದಲ ಮಳೆಗೆ ಬೆಣ್ಣೆ. ಪ್ರತಿ ವರ್ಷ ಜೀಪು ಅಲ್ಲೇ ಹೂತುಕೊಳ್ಳುತ್ತಿತ್ತು.

"ಗಿಡ್ಡ ಗೇರು ಹಾಕಣ್ಣ!"

"ಸುಮ್ಕಿರ್ಲಾ. ಇರೋ ಶಕ್ತಿನೆಲ್ಲ ಇವತ್ತೇ ಮುಗಿಸ್ಬುಟ್ರೆ, ನಾಳೆ ಕಷ್ಟ ಬಂದಾಗ ಏನ್ಲಾ ಮಾಡ್ತೀಯ?"

ಒಮ್ಮೆ ಅವನ ಮಾವನನ್ನೇ, ಇಸ್ತ್ರಿ ಪಂಚೆಯ ಸಮೇತ, ಇಳಿಸಿ ತಳ್ಳಿಸಿದ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವರು ಕೇಳಿದರು: "ಇದು ಕಷ್ಟ ಅಲ್ವೇನಪ್ಪಾ?"

"ಇದು ಬರೀ ಕೆಸರು ಕಣ್ ಮಾವ. ಕಷ್ಟ ಬ್ಯಾರೆ!" ಎಂದು ನಕ್ಕ ನಗು ಮೂರು ತೋಟದಾಚೆಗೆ ಕೇಳಿಸಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬುದ್ಧಿಯೂ ಅಲ್ಲಿಗೇ ನಿಂತಿತ್ತೇನೋ. ಅಣ್ಣ ಊರಲ್ಲಿಲ್ಲದ ದಿನ ಜೀಪು ತೆಗೆದು, ತಿಪಟೂರಿನ ಒಣ ಟಾರು ರಸ್ತೆಯಲ್ಲಿ ಗಿಡ್ಡ ಗೇರು ಹಾಕಿ ಹೊಡೆದೆ. ಗೆಳೆಯರ ಮುಂದೆ ಗತ್ತು ಬೇಡವೇ? ಗಟ್ಟಿ ರಸ್ತೆಯಲ್ಲಿ ಅದನ್ನು ಹಾಕಬಾರದಂತೆ, ನನಗೇನು ಗೊತ್ತು! ತಿರುವಿನಲ್ಲಿ ಮುಂದಿನ ಚಕ್ರದ ಕಡೆ ಏನೋ 'ಕಟಕ್' ಎಂದು ಮುರಿಯಿತು. ಗೇರು ತೆಗೆದೆ, ಹಿಂದಿನೆರಡು ಚಕ್ರದಲ್ಲೇ ಮನೆಗೆ ಬಂತು. ಯಾರಿಗೂ ಹೇಳಲಿಲ್ಲ. ಹೇಗೂ ಅವನು ಅದನ್ನು ಹಾಕುವವನಲ್ಲವಲ್ಲ!

ಮುಂದಿನ ಮಳೆಗಾಲ ಅತ್ತಿಗೆಗೆ ದಿನ ತುಂಬುವ ಮೊದಲೇ ನೋವು ಬಂತು.

"ಎತ್ತಿನ ಗಾಡಿ ಕಟ್ಟೋಣ ಅಣ್ಣ," ಎಂದೆ. ಯಾಕೆಂದು ಹೇಳಲಿಲ್ಲ.

"ಗಾಡಿ ಯಾಕ್ಲಾ? ಜೀಪೈತಲ್ಲ!"

ಆಸ್ಪತ್ರೆಗೂ ಅದೇ ಗೋಡಿನ ದಾರಿ. ಜೀಪು ಹೂತಿತು. ಅಣ್ಣ ಜೀವಮಾನದಲ್ಲಿ ಮೊದಲ ಸಲ ಗಿಡ್ಡ ಗೇರಿಗೆ ಕೈ ಹಾಕಿದ. "ಹೆದರ್ಕಬ್ಯಾಡ ಕಣೇ, ಇವತ್ಗೇ ಅಂತ ಮಡಗಿದ್ದೆ," ಎಂದ ಹೆಂಡತಿಗೆ.

ಮುಂದಿನ ಚಕ್ರ ಅಲುಗಲಿಲ್ಲ. ನಾನು ಎತ್ತು ಹೊಡೆದುಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅತ್ತಿಗೆ ಉಳಿದರು. ಕೂಸು ಉಳಿಯಲಿಲ್ಲ.

"ಹಾಕ್ದೆ ಮಡಗಿ ಮಡಗಿ ನಾನೇ ತುಕ್ಕು ಹಿಡಿಸ್ಬುಟ್ನಲ್ಲೋ," ಎಂದ ಅಣ್ಣ. ಜೀಪು ಮಾರಿದ. ಈಗ ಯಾರು ಏನೆಂದರೂ "ಹೂಂ, ಹಂಗೇ ಮಾಡಿ" ಎನ್ನುತ್ತಾನೆ. ಎದುರು ಮನೆಯಲ್ಲೇ ಇದ್ದಾನೆ. ಆದರೂ ಮಾವನನ್ನು ಕೆಸರಿಗಿಳಿಸಿದ ಆ ಮೊಂಡನಿಗಾಗಿ ನಾನು ಹಂಬಲಿಸದ ದಿನವಿಲ್ಲ.

ಮೊನ್ನೆ ಹೇಳಿಯೇಬಿಡೋಣ ಎಂದು ಹೋದೆ. "ಅಣ್ಣ, ಆ ಜೀಪು..." ಎನ್ನುವಷ್ಟರಲ್ಲಿ ಅಳು ಬಂತು.

"ಬುಡ್ಲಾ, ನನ್ನ ತಪ್ಪಿಗೆ ನೀನ್ಯಾಕೆ ಅಳ್ತೀಯ?" ಎಂದು ಹೆಗಲ ಮೇಲಿನ ಟವೆಲಿನಿಂದ ನನ್ನ ಕಣ್ಣು ಒರೆಸಿದ.

ನಾನು ಆ ಟವೆಲಿಗೆ ಮುಖ ಒಡ್ಡಿಕೊಂಡು ಕೂತೆ.