ಬಿ ತಂಡದ ಮುಂದೆ ಬಾಯಿಬಿಟ್ಟ ಅಪರಾಧದ ಕುರಿತು

ರಸಾಯನಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕರೂ, ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ಬಗ್ಗೆ ಆ ಮಕ್ಕಳಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರೂ ಆದ ಮಾನ್ಯರೇ,

ತಮ್ಮ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಾಜು ತೊಳೆಯುತ್ತಿರುವ ಸಹಾಯಕನ ನಮಸ್ಕಾರಗಳು. ಈ ಪತ್ರವನ್ನು ಸೂಚನಾಫಲಕಕ್ಕೇ ಅಂಟಿಸುತ್ತಿದ್ದೇನೆ, ಏಕೆಂದರೆ ಕೈಗೆ ಕೊಟ್ಟ ಅರ್ಜಿಯನ್ನು ತಾವು ವಿದ್ಯಾರ್ಥಿಗಳ ಉತ್ತರಗಳ ಕಟ್ಟಿಗೆ ಸೇರಿಸಿ ಅಂಕ ಹಾಕಿಬಿಟ್ಟಿರಿ. ಹತ್ತಕ್ಕೆ ನಾಲ್ಕು ಬಂದಿದೆ, ಸಂತೋಷ.

ಈ ವರ್ಷ ತಮ್ಮ ಸಂಶೋಧನೆಗಾಗಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎರಡು ಪಾಲು ಮಾಡಿದಿರಿ. ಎ ತಂಡಕ್ಕೆ ದುಂಡು ಮೇಜು, ಬಣ್ಣದ ಚೀಟಿ, ಚರ್ಚೆ, ತಮ್ಮ ಹೊಸ ಬೋಧನೆ. ಬಿ ತಂಡಕ್ಕೆ ಹಳೆಯ ಕೈಪಿಡಿ ಮತ್ತು ಗೋಡೆ ಗಡಿಯಾರ. ಹೊಸ ವಿಧಾನ ಎಷ್ಟು ಮೇಲು ಎಂದು ತೋರಿಸಬೇಕಾದರೆ ಯಾರಾದರೂ ಕಲಿಯದೆ ಉಳಿಯಲೇಬೇಕಲ್ಲ, ಆ ಪುಣ್ಯದ ಕೆಲಸ ಬಿ ತಂಡದ ಪಾಲಿಗೆ ಬಂತು.

ಆದರೆ ಪರೀಕ್ಷೆಯಲ್ಲಿ ಬಿ ತಂಡವೇ ಮುಂದೆ ಬಂತು. ತಾವು ಕಂಗಾಲಾಗಿ ಮೂರು ಪ್ರಶ್ನಾವಳಿ ಹಂಚಿ, ಅವರ ನಿದ್ದೆ, ಊಟ, ಅಪ್ಪ ಅಮ್ಮಂದಿರ ಓದು ಎಲ್ಲವನ್ನೂ ವಿಚಾರಿಸಿದಿರಿ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಾಗದದ ಗೋಜಿಗೇ ಹೋಗದೆ ಹೇಳಿದಳು: “ಗೊತ್ತಾಗ್ದಿದ್ದಾಗ ಅಣ್ಣನ್ನ ಕೇಳಿದ್ವಿ ಮೇಡಂ, ಅವ್ರು ಹೇಳ್ಕೊಟ್ರು.”

ಹೌದು, ಹೇಳಿಕೊಟ್ಟೆ. ಬುರೆಟ್ ಎಂಬ ಗಾಜಿನ ಕೊಳವೆಯ ತಿರುಪು ಪೂರ್ತಿ ತೆರೆದು ಅವಳು ಫ್ಲಾಸ್ಕಿನ ಆಮ್ಲಕ್ಕೆ ಕ್ಷಾರ ಸುರಿಸುತ್ತಿದ್ದಳು, ಕ್ಷಾರ ಹೆಚ್ಚಾಗಿ ನಾಲ್ಕು ಸಲ ಫ್ಲಾಸ್ಕಿನೊಳಗಿನದು ಕಡುಗುಲಾಬಿಯಾಗಿ ಕೆಟ್ಟಿತ್ತು. ಕೆಳಗೊಂದು ಬಿಳಿ ಕಾಗದ ಇಡು, ಬಣ್ಣ ಮಾಯವಾಗುವುದು ನಿಧಾನವಾದಾಗ ಹನಿಹನಿಯಾಗಿ ಬಿಡು, ತೆಳುಗುಲಾಬಿ ಅರ್ಧ ನಿಮಿಷ ನಿಂತರೆ ನಿಲ್ಲಿಸು ಎಂದೆ. ಅವಳು ಪಕ್ಕದವನಿಗೆ ಹೇಳಿದಳು, ಅವನು ಇಡೀ ಸಾಲಿಗೆ. ಎ ತಂಡದವರೂ ಕೇಳುತ್ತಿದ್ದರೇನೋ, ಆದರೆ ಚೀಟಿ ಅಂಟಿಸುವುದರಲ್ಲಿ ಅವರಿಗೆ ಪುರುಸೊತ್ತಿರಲಿಲ್ಲ.

ತಮ್ಮ ವರದಿಯಲ್ಲಿ ನನ್ನನ್ನು ‘ಹೊರಗಿನ ಅಡಚಣೆ’ ಎಂದು ಬರೆದಿದ್ದೀರಿ. ನನ್ನ ಹೆಂಡತಿ ಇದನ್ನು ಬಹಳ ಹಿಂದೆಯೇ ಕಂಡುಹಿಡಿದಿದ್ದರೂ ಅಚ್ಚಿನಲ್ಲಿ ಬಂದದ್ದು ಇದೇ ಮೊದಲು. ಪ್ರಯೋಗದ ಹೊತ್ತಿನಲ್ಲಿ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಕೂರತಕ್ಕದ್ದು ಎಂಬ ತಮ್ಮ ಆದೇಶದಂತೆ ಸೋಮವಾರದಿಂದ ಖಾಲಿ ಬಾಟಲಿಗಳ ನಡುವೆ ಕೂತಿದ್ದೇನೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತದೆ. ತೊಳೆಯುವ ಕೆಲಸ ಎಲ್ಲಿ ಕೂತರೂ ಆದೀತು. ಬಣ್ಣ ಸರಿಯಾಗಿ ಬಂತೆಂದು ಮಕ್ಕಳು ಫ್ಲಾಸ್ಕ್ ಎತ್ತಿ ತೋರಿಸುವಾಗಿನ ಮುಖ ಮಾತ್ರ ಉಗ್ರಾಣದಲ್ಲಿ ಕಾಣುವುದಿಲ್ಲ.

ಆದ್ದರಿಂದ ದಯವಿಟ್ಟು ನನ್ನನ್ನು ಆ ಮೇಜುಗಳ ನಡುವೆ ಮರಳಿ ಬಿಡಬೇಕು, ಬೇಕಾದರೆ ಈ ಅಡಚಣೆಯನ್ನು ಎರಡೂ ತಂಡಗಳಿಗೆ ಸಮನಾಗಿ ಹಂಚಬೇಕು. ಅದೂ ಆಗದಿದ್ದರೆ ಬಿ ತಂಡದವರು ಕಲಿತದ್ದನ್ನು ಅವರ ತಲೆಯಿಂದ ವಾಪಸು ಪಡೆಯುವ ವಿಧಾನವನ್ನಾದರೂ ತಾವು ಕಂಡುಹಿಡಿಯಬೇಕು. ತೊಳೆದು ಒರೆಸಿ ಕಪಾಟಿನಲ್ಲಿಡುವ ಜವಾಬ್ದಾರಿ ನನ್ನದು.

ತಮ್ಮ ವಿಶ್ವಾಸಿ,
ವರದಿಯ ಹನ್ನೊಂದನೇ ಪುಟದ ಅಡಚಣೆ

ಬರೆಯಲು ಮರೆತದ್ದು: ನಾಳೆ ಹೊರಗಿನಿಂದ ಬರುವ ತಜ್ಞರ ಮುಂದೆ ತಾವೇ ಈ ಬುರೆಟ್ ಪ್ರಯೋಗ ಮಾಡಿ ತೋರಿಸಬೇಕಂತೆ. ಇಂದು ಬೆಳಿಗ್ಗೆ ತಾವು ಉಗ್ರಾಣದ ಬಾಗಿಲು ತಟ್ಟಿ, ಬುರೆಟ್ ಮುಟ್ಟಿ ಹತ್ತು ವರ್ಷವಾಯಿತು, ಎಲ್ಲಿ ನಿಲ್ಲಿಸಬೇಕು ಎಂದು ತಗ್ಗಿದ ದನಿಯಲ್ಲಿ ಕೇಳಿದಿರಿ, ನಾನೂ ಹೇಳಿಕೊಟ್ಟೆ. ವರದಿ ತಿದ್ದುವಾಗ ತಮ್ಮ ಹೆಸರನ್ನು ಬಿ ತಂಡಕ್ಕೆ ಸೇರಿಸಿಕೊಳ್ಳಬೇಕಾಗಿ ವಿನಂತಿ.