ಲೈನ್ ಕ್ಲಿಯರ್ ಕೊಡ್ರಿ ಅತ್ತಿಗೆ!

ನಿಮ್ಮ ಮೈದುನ ಯಾವತ್ತಾದರೂ ನಿಮ್ಮ ಮನೆಯೊಳಕ್ಕೆ ರೈಲು ಬಿಟ್ಟಿದ್ದಾನೆಯೇ? ನನ್ನ ಮೈದುನ ಬಿಟ್ಟಿದ್ದಾನೆ! ಅದೂ ಒಂದೇ ದಿನ ಹನ್ನೊಂದು!

ಮೊದಲೇ ಹೇಳಿಬಿಡುತ್ತೇನೆ, ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊನ್ನೆ ಮೊನ್ನೆ ಕಲಿತವಳು ನಾನು. 'ಮೈದುನ' ಎಂದು ಒತ್ತಿದರೆ ಈ ಫೋನು 'ಮೈದಾನ' ಎಂದು ತಿದ್ದುತ್ತದೆ. ತಿದ್ದಲಿ ಬಿಡಿ, ಕ್ರಿಕೆಟ್ಟಿನ ವಿಷಯ, ಎರಡೂ ಹೊಂದುತ್ತವೆ.

ಮೈದುನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು, ನಿವೃತ್ತನಾಗಿ ಅಲ್ಲೇ ಮನೆ ಮಾಡಿಕೊಂಡವನು. ನಾವಿದ್ದದ್ದು ಹೊಳಲ್ಕೆರೆಯಲ್ಲಿ. ನಮ್ಮ ಯಜಮಾನರದು ಜೆರಾಕ್ಸ್ ಅಂಗಡಿ. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಆಸ್ತಿ ಎಂದುಕೊಂಡಿರಾ? ನೀರು! ಟಿವಿಯಲ್ಲಿ ಮ್ಯಾಚ್ ನಡೆಯುವಾಗ ಮೈದುನ ನೀರು ಕುಡಿಯಲು ಎದ್ದ, ಅದೇ ಹೊತ್ತಿಗೆ ಅತ್ತ ವಿಕೆಟ್ ಬಿತ್ತು.

"ನೀನು ಎದ್ದಿದ್ದಕ್ಕೇ ಕಣೋ ಅವ್ನು ಔಟಾಗಿದ್ದು!" ಎಂದರು ಇವರು.

"ಹಂಗಾದ್ರೆ ಇನ್ಮೇಲೆ ನಿನ್ ಮನೇಲಿ ಕುಂತ್ಕಳೋದೇ ಇಲ್ಲ ಬಿಡು," ಎಂದು ಅರ್ಧ ಕಾಫಿ ಹಾಗೇ ಬಿಟ್ಟು ಅವನು ಹೋದ. ಇವರು ಮರುದಿನವೇ ಕೇಬಲ್ ಕೀಳಿಸಿ, "ಈ ಮನೇಲಿ ಇನ್ನು ಕ್ರಿಕೆಟ್ ಇಲ್ಲ," ಎಂದು ಅಪ್ಪಣೆ ಕೊಡಿಸಿದರು. ಆಮೇಲೆ ಮ್ಯಾಚ್ ದಿನ ಇವರ ಮುಖ ನೋಡಬೇಕಿತ್ತು, ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ!

ಅಷ್ಟರಲ್ಲಿ ಬಂತಲ್ಲ ಮನೆಗೊಂದು ಕಂಪ್ಯೂಟರು, ಅದರ ಹಿಂದೆಯೇ ಇಂಟರ್ನೆಟ್ಟು! ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯುವ, ಅದನ್ನು ನೆಂಟರೆಲ್ಲ ಓದುವ ತಾಣಗಳು ಆಗಷ್ಟೇ ಶುರುವಾಗಿದ್ದವು. ಮೈದುನ ತಾನೂ ಒಂದು ಪುಟ ತೆರೆದ, ನನ್ನ ಹೆಸರಲ್ಲೂ ಒಂದು ತೆರೆದ. ಮ್ಯಾಚ್ ಶುರುವಾದರೆ ಸಾಕು, ಸ್ಕೋರಿನ ಲಿಂಕನ್ನು ನನ್ನ ಪುಟಕ್ಕೆ ಕಳಿಸುವನು. ಅಣ್ಣ ಕ್ರಿಕೆಟ್ ಬಿಟ್ಟು ಕೊರಗುತ್ತಾನೆ ಎಂಬುದು ಅವನಿಗೆ ಗೊತ್ತಿಲ್ಲವೇ? ಆದರೆ ಅಣ್ಣನ ಹೆಸರು ಎತ್ತುವ ಹಾಗಿಲ್ಲ!

ಕಳಿಸುವುದಾದರೂ ಸುಮ್ಮನೆ ಕಳಿಸುತ್ತಾನೆಯೇ? ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಎಂದು 'ಲೈನ್ ಕ್ಲಿಯರ್' ಕೊಡದೆ ಜನ್ಮದಲ್ಲಿ ಒಂದು ರೈಲು ಬಿಟ್ಟವನಲ್ಲ. ಲಿಂಕಿಗೂ ಅದೇ ಕಾನೂನು!

"ಅತ್ತಿಗೆ, ಒಂದು ಲಿಂಕ್ ಬಿಡ್ತಾ ಇದೀನಿ. ಲೈನ್ ಕ್ಲಿಯರ್ ಕೊಡ್ರಿ," ಎಂದು ಪುಟದಲ್ಲಿ ಬರೆಯುವನು. ನಾನು 'ಕೊಟ್ಟೆ' ಎನ್ನಬೇಕು. ಆಮೇಲೆ ಲಿಂಕು. ಅದು ತೆರೆದ ಮೇಲೆ 'ಬಂತು' ಎನ್ನಬೇಕು. ಅಲ್ಲಿಯವರೆಗೆ ಇನ್ನೊಂದು ಲಿಂಕು ಜಪ್ಪಯ್ಯ ಅಂದರೂ ಹೊರಡದು. ಇದನ್ನೆಲ್ಲ ನೆಂಟರು ಓದುತ್ತಿದ್ದರಲ್ಲ! ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನಮ್ಮ ಯಜಮಾನರ ಷಡ್ಡಕರೊಬ್ಬರು ಕೆಳಗೇ ಕೇಳಿದರು: "ಯಾವ್ ಗಾಡಿ ಬರ್ತೈತೆ? ನಮ್ದೂ ಒಂದು ಲೋಡ್ ಹಾಕಾಣೇನು?"

ಒಂದು ಸಲ ಲಿಂಕು ತೆರೆದರೆ ಪರದೆ ತುಂಬ ಮೀಸೆ ಹೊತ್ತ ಒಂದು ಹುಳ! ಕ್ರಿಕೆಟ್ ಎಂದರೆ ಇಂಗ್ಲಿಷಿನಲ್ಲಿ ಜೀರುಂಡೆಯಂಥ ಹುಳಕ್ಕೂ ಹೆಸರಂತೆ, ನನಗೇನು ಗೊತ್ತು? ಯಜಮಾನರು ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದರು. ಮ್ಯಾಚ್ ದಿನ ಆ ಸ್ಟೂಲು ತಾನಾಗಿ ಕಂಪ್ಯೂಟರಿನ ಹತ್ತಿರ ಸರಿಯುತ್ತಿತ್ತು ಅನ್ನಿ. ಮೆಲ್ಲಗೆ ತಿರುಗಿ ನೋಡಿದವರು, "ಅವನೇ ಕಳ್ಸಿದ್ದು ತಾನೆ? ಸರಿಯಾಗೈತೆ ಬಿಡು," ಎಂದರು.

ಇನ್ನೊಂದು ಸಲ ನಾನು ಬೇಳೆ ಬೇಯಲು ಇಟ್ಟು 'ಬಂತು' ಎಂದು ಬರೆಯುವುದನ್ನೇ ಮರೆತೆ. ಹಿಂದಿನ ಗಾಡಿ ತಲುಪಿಲ್ಲ ಎಂದು ಅವನು ಉಳಿದ ಹನ್ನೊಂದನ್ನೂ ತಡೆದು ನಿಲ್ಲಿಸಿದ. ಮ್ಯಾಚ್ ಮುಗಿದೇ ಹೋಯಿತು! ಮಾರನೇ ಬೆಳಿಗ್ಗೆ ನಾನು 'ಬಂತು' ಎಂದದ್ದೇ ತಡ, ನಿನ್ನೆಯ ಹನ್ನೊಂದೂ ಸಾಲಾಗಿ ಹೊರಟು ಬಂದವು. ಯಜಮಾನರು ಹಿಂದೆಯೇ ಕೂತು ಗೆದ್ದ ಮ್ಯಾಚನ್ನು ಉಗುರು ಕಚ್ಚಿಕೊಂಡು ಓದಿದರು!

ಆಮೇಲೊಂದು ಫೈನಲ್ಲು. ಕೊನೆಯ ಓವರು ಬಾಕಿ. ಮೈದುನನ ಲಿಂಕು ಬಂದಿದೆ, ಪುಟ ಮಾತ್ರ ತೆರೆಯದು.

"ಏನಾತೇ?" ಸ್ಟೂಲು ಪೂರ್ತಿ ನನ್ನ ಕಡೆ ತಿರುಗಿತ್ತು.

"ಚಕ್ರ ತಿರುಗ್ತಾ ಐತೆ ಕಣ್ರೀ."

"ಎಷ್ಟೊತ್ತೇ ಅದು ತಿರುಗೋದು?"

"ನಾನೇನು ಕೈಯಲ್ಲಿ ತಿರುಗಿಸ್ತಾ ಇದೀನಾ?"

ಆಗ ನಮ್ಮಲ್ಲಿ ಇಂಟರ್ನೆಟ್ಟು ಬರುತ್ತಿದ್ದುದು ಟೆಲಿಫೋನಿನ ತಂತಿಯಲ್ಲೇ. ಇದು ಇದ್ದರೆ ಅದಿಲ್ಲ, ಅದು ಇದ್ದರೆ ಇದಿಲ್ಲ. ಯಜಮಾನರು ಕೈ ಚಾಚಿ ಕಂಪ್ಯೂಟರಿನ ತಂತಿ ಕಿತ್ತು ಫೋನಿಗೆ ಚುಚ್ಚಿದರು. ಪುಸ್ತಕ ನೋಡಲಿಲ್ಲ, ನನ್ನನ್ನು ಕೇಳಲಿಲ್ಲ. ಆರು ವರ್ಷದಿಂದ ತಿರುಗಿಸದ ನಂಬರು, ಬೆರಳಿಗೆ ಬಾಯಿಪಾಠ! ಲಿಂಕು ಬಿಟ್ಟವನು ಇಂಟರ್ನೆಟ್ಟು ಆರಿಸಿ ಟಿವಿ ಮುಂದೆ ಕೂತಿದ್ದನೋ ಏನೋ, ಅತ್ತ ಫೋನು ಎತ್ತಿದ ಸದ್ದಾಯಿತು. ಇವರು ರಿಸೀವರನ್ನು ಕಿವಿಗೆ ಒತ್ತಿಕೊಂಡು,

"ಲೈನ್ ಕ್ಲಿಯರ್ ಐತೇನೋ?" ಎಂದರು.

ಅತ್ತಲಿಂದ ಬಂದ ದನಿ ನನಗೂ ಕೇಳಿಸಿತು: "ಅಣ್ಣ... ಕುಂತಿದೀಯ ತಾನೆ? ಏಳ್ಬೇಡ! ನಾನೂ ಎದ್ದಿಲ್ಲ!"

ಆ ಆರು ಚೆಂಡನ್ನೂ ತಮ್ಮ ಹೇಳಿದ, ಅಣ್ಣ ಕೇಳಿದರು. ಗೆದ್ದೆವೇ? ಎಲ್ಲಿಯ ಗೆಲುವು! ಸೋತೆವು. ಯಾರೂ ಎದ್ದಿರಲಿಲ್ಲ, ಆದರೂ ಸೋತೆವು. ಇಬ್ಬರೂ ಅದಕ್ಕೇ ನಕ್ಕರು. ಇವರು ನಗುತ್ತಾ ನಗುತ್ತಾ ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಂಡರು. ಸೆಖೆ ಎಂದರು. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು.

ಭಾನುವಾರ ಮೈದುನ ಬಂದು ಅದೇ ಹಳೆಯ ಜಾಗದಲ್ಲಿ ಕೂತ. ಕಾಫಿ ಕೊಡುತ್ತಾ ನಾನು ಬಿಡುತ್ತೇನೆಯೇ?

"ಏನಪ್ಪ, ಅಣ್ಣನಿಗೆ ಅವತ್ತೇ ಒಂದು ಫೋನ್ ಮಾಡಿದ್ರೆ ಆಗಿತ್ತು. ಲೈನ್ ಕ್ಲಿಯರ್ ಅಂತ ನನ್ ಪ್ರಾಣ ಯಾಕೆ ತಿಂದೆ?"

ಅವನು ಲೋಟ ಖಾಲಿಯಾಗುವವರೆಗೂ ಕುಡಿದು, ಕೆಳಗಿಟ್ಟು, ಹೇಳಿದ: "ನಿಮ್ಮೂರಿಗೆ ನೇರ ಗಾಡಿ ಎಲ್ಲಿತ್ತು ಅತ್ತಿಗೆ? ಯಾರೇ ಬರ್ಲಿ, ನಮ್ ಜಂಕ್ಷನ್ ಚಿಕ್ಕಜಾಜೂರಲ್ಲಿ ಇಳ್ದು, ಗಾಡಿ ಬದ್ಲಾಯಿಸ್ಕಂಡೇ ಬರ್ಬೇಕಿತ್ತು. ಇಷ್ಟು ವರ್ಷ ನೀವೇ ಕಣ್ರೀ ನಮ್ಮಿಬ್ರಿಗೂ ಚಿಕ್ಕಜಾಜೂರು!"